ತಾನೇ ಓಡುವ ಪಟ್ಟಿ

"ಇನ್ನು ಮೇಲೆ ಈ ಅರಮನೆಯಲ್ಲಿ ಯಾರೂ ಯೋಚನೆ ಮಾಡಬೇಕಾಗಿಲ್ಲ, ಮಹಾಸ್ವಾಮಿ!" ಎಂದು ಪ್ರಧಾನಿ ಸೋವಿದೇವ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ.

"ಈಗ ಯಾರು ಮಾಡ್ತಾ ಇದ್ದಾರೆ ಅಂತ?" ಎಂದಳು ಎಲೆಯಡಿಕೆ ತಟ್ಟೆ ಹಿಡಿದು ನಿಂತಿದ್ದ ಕೆಂಪಾಜಿ.

ರಾಜ ಬೊಮ್ಮರಸ ನಕ್ಕ. ಪ್ರಧಾನಿ ನಗಲಿಲ್ಲ. ಕಂಕುಳಲ್ಲಿದ್ದ ಊಳಿಗದ ಪಟ್ಟಿಯನ್ನು ಬಿಚ್ಚಿದ. ಏಳು ಕೆಲಸ, ಏಳು ಹೆಸರು. ಎಲ್ಲರಿಗಿಂತ ಮೇಲೆ ಪ್ರಧಾನಿ. ಆಮೇಲೆ ಎಲೆಯಡಿಕೆಯ ಕೆಂಪಾಜಿ, ಅಡುಗೆಯವನು, ಕ್ಷೌರಿಕ, ನಗಾರಿಯವನು, ಮಾವುತ. ಕಟ್ಟಕಡೆಗೆ ಆನೆಲದ್ದಿ ಬಾಚುವವನು.

"ಒಂದು ಜಾಗ ಖಾಲಿಯಾದರೆ ಅದರ ಕೆಳಗಿನವನು ಮೇಲೆ ಬರಬೇಕು. ಅವನ ಜಾಗಕ್ಕೆ ಅವನ ಕೆಳಗಿನವನು. ಕೆಳಗೆ ಯಾರೂ ಇಲ್ಲದಿದ್ದರೆ ಪಟ್ಟಿಯ ಮೊದಲ ಹೆಸರು. ಖಾಲಿ ಜಾಗ ಇರುವ ತನಕ ಕರಣಿಕ ತಮ್ಮರಸ ಯಾರನ್ನೂ ಕೇಳದೆ ಬರೆಯುತ್ತಲೇ ಇರಬೇಕು. ಈ ನಿಯಮ ತಿದ್ದುವ ಅಧಿಕಾರ ಪ್ರಧಾನಿಗೆ ಮಾತ್ರ."

ರಾಜಮುದ್ರೆ ಬಿತ್ತು.

"ಮೊದಲ ಪರೀಕ್ಷೆ ಈ ಬಾಯಿಬಡುಕಿಯಿಂದಲೇ ಆಗಲಿ," ಎಂದ ಸೋವಿದೇವ. "ನಿನ್ನ ಹೆಸರು ಹೊಡೆದು ಹಾಕಿದರೆ ಏನೇನಾಗುತ್ತೆ, ಹೇಳು ನೋಡೋಣ. ಸರಿಯಾಗಿ ಹೇಳಿದರೆ ಕೇಳಿದ ಪದವಿ ಕೊಡಿಸ್ತೀನಿ. ತಪ್ಪಿದರೆ ಸಂಜೆಯೊಳಗೆ ಗಡಿ ದಾಟಬೇಕು."

ರಾಜನಿಗೂ ಕುತೂಹಲ. ಆಗಲಿ ಎಂದುಬಿಟ್ಟ.

ಕೆಂಪಾಜಿ ತಟ್ಟೆ ಕೆಳಗಿಟ್ಟಳು. ಇಪ್ಪತ್ತು ವರ್ಷದ ಊಳಿಗ. ಗಡಿಯಾಚೆ ಅವಳನ್ನು ಕಂಡು ಬಾಲ ಅಲ್ಲಾಡಿಸುವ ಒಂದು ನಾಯಿಯೂ ಇರಲಿಲ್ಲ. ತನ್ನ ಜಾಗಕ್ಕೆ ಅಡುಗೆಯವನು ಬರುತ್ತಾನೆ, ಅಷ್ಟು ಎಲ್ಲರಿಗೂ ಕಾಣುತ್ತಿತ್ತು. ಅವಳು ಮಾತ್ರ ಇದು ಎಲ್ಲಿ ನಿಲ್ಲುತ್ತದೆ ಎಂದು ಬೆರಳು ಮಡಿಸುತ್ತಾ ಹೋದಳು. ಕೆಲಸ ಏಳು, ಜನ ಆರು. ಎಷ್ಟು ಮಡಿಸಿದರೂ ನಿಲ್ಲುವ ಜಾಗ ಸಿಗಲಿಲ್ಲ. ಸಿಗಲಿಲ್ಲವೆಂದು ಖಾತ್ರಿಯಾದ ಮೇಲೆ ಅವಳ ಮುಖ ಅರಳಿತು.

"ಪ್ರಧಾನಿಗಳು ಮೊದಲ ಸುತ್ತಿಗೆ ಲದ್ದಿ ಬಾಚ್ತಾರೆ, ಬುದ್ಧಿ. ಎರಡನೇ ಸುತ್ತಿಗೆ ಆನೆ ಹತ್ತುತ್ತಾರೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೋವಿದೇವ. ನಗುತ್ತಲೇ ಅವಳ ಹೆಸರು ಹೊಡೆಸಿದ.

ತಮ್ಮರಸನ ಲೇಖನಿ ಓಡಿತು. ಅಡುಗೆಯವನು ತಂದ ವೀಳ್ಯಕ್ಕೆ ಬೆಳ್ಳುಳ್ಳಿಯ ಘಮ. ಕ್ಷೌರಿಕ ಸೌಟು ಹಿಡಿದ. ನಗಾರಿಯವನು ಕ್ಷೌರದ ಕತ್ತಿ ಮಸೆದ. ಮಾವುತ ನಗಾರಿಗೆ, ಲದ್ದಿಯವನು ಆನೆಗೆ. ಕೊನೆಯ ಜಾಗ ಖಾಲಿ. ಕೆಳಗೆ ಯಾರೂ ಇಲ್ಲ.

"ಪಟ್ಟಿಯ ಮೊದಲ ಹೆಸರು..." ಎಂದು ತಮ್ಮರಸ ಪ್ರಧಾನಿಯ ಕೈಗೆ ಪೊರಕೆ ಕೊಟ್ಟ.

ಅಷ್ಟರಲ್ಲಿ ಪ್ರಧಾನಿಯ ಜಾಗ ಖಾಲಿಯಾಗಿತ್ತಲ್ಲ! ಲೇಖನಿ ಮತ್ತೆ ಮೇಲಿಂದ ಶುರು ಮಾಡಿತು. ಈ ಸಲ ರಾಜನ ಗಡ್ಡಕ್ಕೆ ಬಂದವನು ಮಾವುತ. ಅಭ್ಯಾಸಬಲ ನೋಡಿ, ಆನೆಗೆ ಮಾಡುವಂತೆ ಒಡೆಯನ ಕಿವಿಯ ಹಿಂದೆ ಕಾಲ್ಬೆರಳೊತ್ತಿ, "ಹೂಂ, ತಿರುಗು!" ಎಂದು ಗದರಿದ.

"ನಿಲ್ಸೋ ತಮ್ಮರಸ!" ರಾಜ ಅರಚಿದ.

"ತಿದ್ದುವ ಅಧಿಕಾರ ಪ್ರಧಾನಿಗೆ ಮಾತ್ರ, ಬುದ್ಧಿ. ಮುದ್ರೆ ತಮ್ಮದೇ."

"ಹಾಗಾದರೆ ಕರಿ ಪ್ರಧಾನೀನ!"

ಬಂದವನು ಅಡುಗೆಯವನು. ಪ್ರಧಾನಿಯ ಪೇಟ ಸುತ್ತಿ ಮುಗಿಸುವಷ್ಟರಲ್ಲಿ ತಮ್ಮರಸ ಮುಂದಿನ ಸಾಲು ಬರೆದಾಗಿತ್ತು. ಅವನ ಕೈಗೂ ಪೊರಕೆ ಬಂತು. ಆಚೆ ಅಂಗಳದಲ್ಲಿ ಸೋವಿದೇವ ಆನೆಯ ಕುತ್ತಿಗೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

"ಕೆಂಪಾಜಿ, ನೀನು ಹೇಳಿದ್ದು ಅಕ್ಷರಕ್ಕಕ್ಷರ ನಿಜವಾಯಿತು!" ರಾಜ ಕಿವಿ ಉಜ್ಜಿಕೊಂಡ. "ಯಾವ ಪದವಿ ಬೇಕು ಕೇಳು. ಮೊದಲು ಇದನ್ನು ನಿಲ್ಲಿಸು!"

"ಎರಡೂ ಒಂದೇ ಕೆಲಸ, ಬುದ್ಧಿ. ಈ ಗಳಿಗೆ ಯಾವುದು ಖಾಲಿ ಇದೆಯೋ ಅದನ್ನೇ ಕೊಡಿ."

ತಮ್ಮರಸ ಪಟ್ಟಿಯ ಮೇಲೆ ಬೆರಳಾಡಿಸಿದ. "ಪ್ರಧಾನಿ ಪದವಿ," ಎಂದ ಮೆಲ್ಲಗೆ.

"ಬರಿ!" ಎಂದ ರಾಜ. ಕೆಂಪಾಜಿಯ ಹೆಸರು ಬಿತ್ತು. ಕೆಲಸ ಏಳು, ಜನ ಏಳು. ಲೇಖನಿ ನಿಂತಿತು.

"ನಿಂತಿತಾ?" ಆನೆಯ ಮೇಲಿಂದ ಸೋವಿದೇವ ಅಳುದನಿಯಲ್ಲಿ ಕೂಗಿದ. "ಹಾಗಾದರೆ ನಾನು ಇಳೀಲೇನಮ್ಮಾ?"

ಹೊಸ ಪ್ರಧಾನಿ ಕಿಟಕಿಗೆ ಓಡಿ ಬಂದಳು.

"ಅಯ್ಯೋ, ಇಳೀಬೇಡಿ ಸ್ವಾಮಿ! ಜಾಗ ಖಾಲಿಯಾಗುತ್ತೆ!"