ಪಟ್ಟಿಯಲ್ಲಿಲ್ಲದ ತಂತ್ರಾಂಶ

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ಕುಲಸಚಿವ ಚನ್ನವೀರಯ್ಯನವರಿಗೆ ಶಿಸ್ತು ಅಂದರೆ ಪಟ್ಟಿ. "ಸರ್ವರಿನ ಪ್ಯಾಕೇಜ್ ಮ್ಯಾನೇಜರ್ ಕೊಡುವ ಪಟ್ಟಿಯಲ್ಲಿ ಇಲ್ಲದ ತಂತ್ರಾಂಶವನ್ನೆಲ್ಲ ಸಂಜೆಯೊಳಗೆ ಅಳಿಸಿ" ಎಂದು ಆದೇಶ ಬರೆದೇಬಿಟ್ಟರು.

ಆದೇಶ ಕಂಪ್ಯೂಟರ್ ಆಪರೇಟರ್ ನೀಲಾಂಬಿಕೆಯ ಕೈ ಸೇರಿತು. ಹಾಲ್ ಟಿಕೆಟಿನಲ್ಲಿ ಕನ್ನಡದ ಹೆಸರುಗಳನ್ನು ಮುದ್ರಿಸುವ ತಂತ್ರಾಂಶವನ್ನು ಅವಳೇ ಸೋರ್ಸ್ ಕೋಡಿನಿಂದ ಕಂಪೈಲ್ ಮಾಡಿ, ಅಂದರೆ ಕೈಯಾರೆ ಕಟ್ಟಿ, ಸರ್ವರಿಗೆ ಹಾಕಿದ್ದಳು. ಪ್ಯಾಕೇಜ್ ಮ್ಯಾನೇಜರ್ ತಾನು ಹಾಕಿದ ತಂತ್ರಾಂಶಗಳ ಲೆಕ್ಕವನ್ನಷ್ಟೇ ಇಡುತ್ತದೆ; ಹಾಗಾಗಿ ಇದು ಆ ಪಟ್ಟಿಯಲ್ಲಿರಲಿಲ್ಲ. ಹಾಲ್ ಟಿಕೆಟ್ ನಾಳೆಯೇ ಹೊರಡಬೇಕು.

ಅವಳು ವಾದಕ್ಕೆ ನಿಲ್ಲಲಿಲ್ಲ. ಕಚೇರಿಯ ಸಿಬ್ಬಂದಿ ಪಟ್ಟಿಯನ್ನು ತಂದು ಕುಲಸಚಿವರ ಮೇಜಿನ ಮೇಲಿಟ್ಟಳು. "ಇದಕ್ಕೂ ಅದೇ ಆದೇಶ ಬರೆದುಬಿಡಿ ಸಾರ್. ಹೆಸರಿಲ್ಲದವರನ್ನು ಸಂಜೆಯೊಳಗೆ ಕಳಿಸೋಣ."

ಸಾಹೇಬರು ಹುರುಪಿನಿಂದ ಪೆನ್ನು ತೆಗೆದರು. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. "ನನ್ನ ಹೆಸರು ಎಲ್ಲಿದೆಯಮ್ಮ?"

"ನೀವು ನಿಯೋಜನೆ ಮೇಲೆ ಬಂದವರಲ್ವಾ ಸಾರ್, ನಿಮ್ಮ ಹೆಸರು ಮಾತೃ ಇಲಾಖೆಯಲ್ಲಿದೆ. ಆದರೂ ನಿಮ್ಮ ಸಹಿ ಇಲ್ಲದೆ ಇಲ್ಲಿ ಒಂದು ಕಾಗದವೂ ಅಲ್ಲಾಡಲ್ಲ. ಹಾಲ್ ಟಿಕೆಟ್ ಮುದ್ರಿಸೋ ನನ್ನ ತಂತ್ರಾಂಶವೂ ಹಾಗೇ. ಪಟ್ಟಿಯಲ್ಲಿಲ್ಲ, ಆದರೆ ಅದಿಲ್ಲದೆ ನಾಳೆ ಒಂದು ಹಾಲ್ ಟಿಕೆಟೂ ಹೊರಡಲ್ಲ. ಯಾರಿಗೂ ಅಡ್ಡ ಬರದ ಹಾಗೆ ಬೇರೆ ಫೋಲ್ಡರಿನಲ್ಲಿ ಕೂರಿಸಿ, ವಿವರವೆಲ್ಲ ಬರೆದಿಟ್ಟಿದ್ದೀನಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯ ಆದೇಶಕ್ಕೆ ಕಾಟು ಹಾಕಿ, "ನಿಯೋಜನೆ ಮೇಲೆ ಮುಂದುವರಿಸಿ" ಎಂದು ಬರೆದರು. ಆಮೇಲೆ ನಗು ತಡೆಯಲಾಗದೆ ಕೇಳಿದರು: "ಹಾಗಾದರೆ ಅದಕ್ಕೂ ನನ್ನ ಹಾಗೆ ಬೇರೆ ಕೋಣೆ, ಎಸಿ, ಎಲ್ಲಾ ಇದೆ ಅನ್ನಿ?"

"ಎಲ್ಲಾ ಇದೆ ಸಾರ್. ಆದೇಶ ಹೊರಡಿಸೋ ಅಧಿಕಾರ ಮಾತ್ರ ಕೊಟ್ಟಿಲ್ಲ."