ಪುಕ್ಕಲ ಸುಕ್ರುವೂ ಕಡಲ ರಕ್ಕಸಿಯ ಕೂಸೂ

"ಅಳಿವೆಕೋಟೆಯ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ಅರಮನೆಯ ಗಾಜಿನ ಕೊಳದ ಬಳಿ ಕಡಲ ರಕ್ಕಸಿ ಬಂದು ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪು ಹೇಳಿದವರನ್ನು ಅವಳು ನುಂಗುತ್ತಾಳೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಕೊಳದ ಊಳಿಗದ ಬೊಮ್ಮಿಯನ್ನು ಅವಳಿಗೆ ಒಪ್ಪಿಸಲಾಗುವುದು!"

ಡಂಗುರ ಕೇಳಿ ಊರೆಲ್ಲ ಬಾಗಿಲು ಹಾಕಿಕೊಂಡಿತು. ಮಹಾರಾಜರಂತೂ ಡಂಗುರಕ್ಕೆ ಮೊದಲೇ ಹಾಕಿಕೊಂಡಿದ್ದರು.

ಆದದ್ದಿಷ್ಟು. ಬಲೆಗೆ ಸಿಕ್ಕಿ ಈಜುರೆಕ್ಕೆ ಹರಿದ ಹೊಂಬಣ್ಣದ ಮೀನೊಂದನ್ನು ರಾಜ ಚಂದಕ್ಕೆಂದು ಗಾಜಿನ ಕೊಳದಲ್ಲಿ ಇಟ್ಟುಕೊಂಡಿದ್ದ. ಅದು ರಕ್ಕಸಿಯ ಕೂಸು. ರೆಕ್ಕೆ ಕೂಡುವ ತನಕ ಕಡಲಿಗೆ ಬಿಡುವಂತಿಲ್ಲ, ದೊಡ್ಡ ಮೀನುಗಳು ಉಳಿಸವು. ಕೊಳದಲ್ಲಿಯೋ ಅದು ದಿನೇದಿನೇ ಸೊರಗುತ್ತಿತ್ತು. ಅಳಿವೆಯ ನೀರು ಕೆಸರೆಂದು ಬಾವಿಯ ನೀರಿಗೇ ಉಪ್ಪು ಬೆರೆಸುವ ಏರ್ಪಾಡು. ಉಪ್ಪು ನೋಡಲು ಬೆಳ್ಳಿಯ ತೇಲುಕೋಲಿತ್ತು. ಉಪ್ಪು ಹೆಚ್ಚಿದರೆ ಅದು ಮೇಲೇಳುತ್ತಿತ್ತು, ಕಡಿಮೆಯಾದರೆ ಮುಳುಗುತ್ತಿತ್ತು. ಅದರ ಮೈಮೇಲೆ ಅರಮನೆಯ ಅಕ್ಕಸಾಲಿಗ ಸಿಹಿನೀರಿನದೊಂದು ಗೆರೆ, ಕಡಲ ನೀರಿನದೊಂದು ಗೆರೆ ಕೊರೆದಿದ್ದ. ಬೊಮ್ಮಿ ಆ ಕಡಲ ಗೆರೆಗೆ ಸರಿಯಾಗಿ ಉಪ್ಪು ಹಾಕುತ್ತಿದ್ದಳು.

"ಕೋಲು ಸರಿಯಿದೆ ಅಂತೀರಿ, ನನ್ನ ಕೂಸು ಸಾಯ್ತಿದೆ. ಈ ಕೋಲಿನ ಗುಣ ಬಲ್ಲವನು ಬರಲಿ," ಎಂದು ರಕ್ಕಸಿ ಪಟ್ಟು ಹಿಡಿದಳು.

ಬೊಮ್ಮಿಗೊಬ್ಬ ತಮ್ಮ, ಸುಕ್ರು. ಅಳಿವೆಯ ಕೆಸರಿನಲ್ಲಿ ಬಳಚು ಬಗೆದು, ಆ ಚಿಪ್ಪುಗಳನ್ನು ಜೀವಂತವಾಗಿ ಸಂತೆಗೆ ಒಯ್ದು ಮಾರುವವನು. ಏಡಿ ಕಂಡರೂ ಹಾರಿಬೀಳುತ್ತಿದ್ದುದರಿಂದ ಊರಿಗೆಲ್ಲ ಪುಕ್ಕಲ ಸುಕ್ರು. ಡಂಗುರ ಕೇಳಿ ಅವನೂ ಬಾಗಿಲು ಹಾಕಿಕೊಂಡ. ಆದರೆ ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಅಳುತ್ತಲೇ ಅರಮನೆಗೆ ಹೋಗಿ ಕಂಬದ ಹಿಂದೆ ಅಡಗಿ ನಿಂತ.

ರಕ್ಕಸಿಯ ಮುಂದೆ ಆಗಲೇ ದಂಡನಾಯಕನ ಮಗ ನಿಂತಿದ್ದ.

"ಉಪ್ಪು ಹಾಕಿಲ್ಲ, ತೆಗೆದಿಲ್ಲ. ಬೆಳಗ್ಗೆ ಎದ್ದು ನಿಂತ ಕೋಲು ಮಧ್ಯಾಹ್ನಕ್ಕೆ ಮುಳುಗ್ತದೆ. ಯಾಕೆ?" ರಕ್ಕಸಿ ಕೇಳಿದಳು.

"ಇನ್ಯಾಕೆ? ಈ ಬೊಮ್ಮಿ ಏನೋ ಕಳ್ಳಾಟ ಆಡಿದ್ದಾಳೆ," ಎಂದು ಅವನು ಮೀಸೆ ತಿರುವಿದ.

ಗುಳುಂ! ಪೇಟ ಮಾತ್ರ ನೆಲದ ಮೇಲೆ ಉರುಳಿತು.

ಆಸ್ಥಾನದ ಜೋಯಿಸರು ಮುಂದೆ ಬಂದು, "ಅದು ಬಿಸಿಲಿನ ಮಹಿಮೆ," ಎಂದರು. ರಕ್ಕಸಿ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಒಬ್ಬನೇ ಇಳಿದರೆ ಕೋಲು ನಿಜ ಹೇಳ್ತದೆ. ಮೈಗಂಟುವ ಗೆಳೆಯರ ಜೊತೆ ಇಳಿದರೆ ಇದ್ದದ್ದಕ್ಕಿಂತ ಹೆಚ್ಚು ಹೇಳ್ತದೆ. ಆ ಗೆಳೆಯರಿಗೆ ಎಲುಬಿಲ್ಲ, ಮಾಂಸವಿಲ್ಲ, ಮುಟ್ಟಿದರೆ ಇಲ್ಲವಾಗ್ತಾರೆ. ಯಾರವರು?"

"ಪ್ರೇತಗಳು!" ಎಂದರು ಜೋಯಿಸರು, ಬಹಳ ಧೈರ್ಯದಿಂದ.

ಗುಳುಂ!

"ಕಂಬದ ಹಿಂದೆ ಹಲ್ಲು ಕಟಕಟ ಅನ್ನಿಸ್ತಿರೋನು ಯಾರು? ಬಾ ಇತ್ತ."

ಸುಕ್ರು ಬಂದ. ನಡೆದು ಬಂದನೋ ತೆವಳಿ ಬಂದನೋ ಅವನಿಗೇ ತಿಳಿಯಲಿಲ್ಲ. ಮೂಲೆಯಲ್ಲಿ ಕಟ್ಟಿಹಾಕಿದ್ದ ಬೊಮ್ಮಿ, "ಓಡಿಹೋಗೋ ತಮ್ಮಾ!" ಎಂದು ಕೂಗಿದಳು. ಓಡಲು ಕಾಲು ಬರಬೇಕಲ್ಲ.

"ಮೊದಲನೆಯದು ಬಿಸಿಲೇ, ಅಮ್ಮಾ," ಅವನ ದನಿ ನಡುಗಿತು. "ಬಿಸಿಯಾದ ನೀರು ತೆಳ್ಳಗಾಗ್ತದೆ, ಕೋಲನ್ನ ಎತ್ತಿ ಹಿಡೀಲಿಕ್ಕೆ ಆಗೂದಿಲ್ಲ. ಉಪ್ಪು ಅಷ್ಟೇ ಇರ್ತದೆ. ಮಧ್ಯಾಹ್ನ ಕೋಲು ಮುಳುಗ್ತದೆ, ನಂಗೆ ಬೈತಾರೆ ಅಂತ ಅಕ್ಕ ಮನೇಲಿ ಅಳ್ತಿದ್ಲು. ಎರಡನೆಯದು... ಗುಳ್ಳೆ. ಗಾಳಿಗುಳ್ಳೆ ಅಂಟಿಕೊಂಡರೆ ಕೋಲನ್ನ ಮೇಲಕ್ಕೆ ಎತ್ತಿಬಿಡ್ತವೆ."

ರಕ್ಕಸಿ ಬಗ್ಗಿದಳು. ಅವಳ ಉಸಿರು ಅವನ ಮುಖಕ್ಕೇ ಬಡಿಯಿತು.

"ಮೂರನೆಯದು. ಸಭೆಯೆಲ್ಲ ನೋಡ್ತಿದ್ದಾಗ ಬಾವಿಯ ನೀರಲ್ಲಿ ಕೋಲು ಸಿಹಿನೀರಿನ ಗೆರೆಗೇ ನಿಂತಿತು. ಅಲ್ಲಿ ನಿಜ ಹೇಳಿದ್ದು ಕಡಲ ಗೆರೆಯಲ್ಲೂ ನಿಜ ಹೇಳ್ತದೆ ಅಂತ ಹೇಗೆ ನಂಬ್ತೀ?"

ಇದಕ್ಕೆ ಅಕ್ಕ ಏನೂ ಹೇಳಿರಲಿಲ್ಲ.

"ನಂಬೂದಿಲ್ಲ," ಎಂದ ಸುಕ್ರು.

ರಕ್ಕಸಿಯ ಬಾಯಿ ತೆರೆಯಿತು. ಒಳಗೆ ಬರೀ ಕತ್ತಲೆ. ಬೊಮ್ಮಿ ಕಿರುಚಿಕೊಂಡಳು.

"ಪೂರ್ತಿ ಕೇಳಿ ಆಮೇಲೆ ನುಂಗಿ, ಅಮ್ಮಾ! ನಾನು ಪುಕ್ಕಲ, ಏನನ್ನೂ ನಂಬೂದಿಲ್ಲ. ಬಳಚು ಎಲ್ಲಿ ಬಗೀತೇನೋ ಅಲ್ಲಿಯ ನೀರನ್ನೇ ಗಡಿಗೆಗೆ ತುಂಬ್ಕೊಳ್ತೇನೆ, ಬೇರೆ ನೀರಿಗೆ ಸತ್ತುಹೋದಾವು ಅಂತ ಹೆದರ್ಕೆ. ಕೂಸು ಹುಟ್ಟಿದ ಜಾಗದ ನೀರು ಒಂದು ಬಿಂದಿಗೆ ತಂದುಕೊಡಿ. ಅದರಲ್ಲಿ ಕೋಲು ಎಲ್ಲಿ ನಿಲ್ತದೋ ಅದೇ ಸರಿಯಾದ ಗೆರೆ. ಆ ನೀರಿರೋ ಜಾಗ ನಿಮಗೆ ಬಿಟ್ಟು ಬೇರೆ ಯಾರಿಗೆ ಗೊತ್ತು?"

ತೆರೆದ ಬಾಯಿ ಮೆಲ್ಲಗೆ ಮುಚ್ಚಿತು.

"ಇಷ್ಟು ಜನ ಬಂದರು," ರಕ್ಕಸಿಯ ದನಿ ಒಡೆದಿತ್ತು. "ನನ್ನ ಮನೆಯ ನೀರು ಹೇಗಿರ್ತದೆ ಅಂತ ಒಬ್ಬನೂ ಕೇಳಲಿಲ್ಲ."

ಹೋದವಳು ದೊಡ್ಡ ಶಂಖದ ತುಂಬ ನೀರು ತಂದಳು. ಸುಕ್ರು ಶಂಖವನ್ನು ಕೊಳದಲ್ಲಿ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಒಂದೇ ಆಗುವ ತನಕ ಕಾದ. ಆಮೇಲೆ ಕೋಲನ್ನು ಶಂಖಕ್ಕೆ ಇಳಿಸಿ, ಗುಳ್ಳೆಗಳು ಬಿಡಲೆಂದು ಮೆಲ್ಲಗೆ ತಿರುಗಿಸಿದ. ಅಕ್ಕಸಾಲಿಗ ಕೊರೆದಿದ್ದ ಕಡಲ ಗೆರೆ ನೀರಿನೊಳಗೆ ಮುಳುಗಿಹೋಯಿತು. ಅಂದರೆ ಗೆರೆಯೇ ತಪ್ಪು, ನಿಜವಾದ ಕಡಲ ನೀರಿನಲ್ಲಿ ಅಷ್ಟು ಉಪ್ಪಿಲ್ಲ. ಆ ಗೆರೆಯನ್ನು ನಂಬಿ ಬೊಮ್ಮಿ ಇಷ್ಟು ದಿನವೂ ಹೆಚ್ಚು ಉಪ್ಪು ಹಾಕಿದ್ದಳು.

ಸುಕ್ರು ಉಗುರಿನಿಂದ ಹೊಸ ಗೆರೆ ಗೀಚಿದ. "ಸಿಹಿನೀರು ಒಮ್ಮೆಲೇ ಸುರೀಬೇಡಿ, ಕೂಸು ಹೆದರ್ತದೆ," ಎಂದ. ದಿನಕ್ಕಿಷ್ಟಿಷ್ಟೇ ಬೆರೆಸಿ ಕೊಳದ ನೀರನ್ನು ಹೊಸ ಗೆರೆಗೆ ತಂದಾಗ ಹೊಂಬಣ್ಣದ ಮೀನು ತಿಂಡಿಗೆ ಬಾಯಿ ಹಾಕಿತು. ರೆಕ್ಕೆ ಕೂಡಿತು. ರಕ್ಕಸಿ ಕೂಸನ್ನು ಎದೆಗವಚಿಕೊಂಡು ಕಡಲಿಗಿಳಿದಳು. ನೀರು ತುಂಬಿದ ಶಂಖದ ಬಾಯಿಗೆ ಮೇಣ ಮೆತ್ತಿ, ಮುಂದೆಯೂ ಕೋಲನ್ನು ಒರೆಹಚ್ಚಲೆಂದು ಸುಕ್ರುವಿನ ಕೈಗೇ ಕೊಟ್ಟು ಹೋದಳು.

ಆಗ ಮಹಾರಾಜರ ಬಾಗಿಲು ತೆರೆಯಿತು. "ಏನು ಬೇಕೋ ಬೇಡು!"

"ನನ್ನ ಅಕ್ಕ."

"ಅಷ್ಟೇನಾ?" ರಾಜನಿಗೆ ಬಹಳ ಹಗುರವಾಯಿತು.

ದಾರಿಯಲ್ಲಿ ಬೊಮ್ಮಿ ಕೇಳಿದಳು, "ಅವಳ ಬಾಯಿ ಕಂಡು ಹೆದರ್ಕೆ ಆಗಲಿಲ್ವೇನೋ?"

"ಆಯ್ತು. ಈಗ್ಲೂ ಆಗ್ತದೆ. ಮನೆ ಮುಟ್ಟೂವರೆಗೆ ಕೈ ಬಿಡಬೇಡ, ಅಕ್ಕಾ."

ಅವಳು ಬಿಡಲಿಲ್ಲ.