ನಡುಹಗಲ ಅರುಂಧತಿ

ಗೆದ್ದವನಿಗೆ ರಾಜಕುಮಾರಿ ಸೋಮಲಾದೇವಿ ಮತ್ತು ಅರ್ಧ ರಾಜ್ಯದ ಸುಂಕ, ಸೋತವನಿಂದ ತಲೆ. ಮೂರು ಒಗಟು, ಮೂರನ್ನೂ ಬಿಡಿಸಬೇಕು, ಚೌಕಾಸಿ ಇಲ್ಲ. ಭೋಗರಾಜ ಹೀಗೆಂದು ಡಂಗುರ ಹೊಡೆಸಿದಾಗ ಬಂದವರು ಇಬ್ಬರೇ: ಪಾಳೆಯಗಾರನ ಮಗ ಕೆಂಚನಾಯಕ ಮತ್ತು ದಳವಾಯಿ ಸಿಂಗಣ್ಣ. ತಲೆಯನ್ನೇ ಬಂಡವಾಳವಾಗಿ ಹೂಡುವವರು ಯಾವ ಊರಲ್ಲೂ ಕಡಿಮೆ.

ಒಗಟು ಒಡ್ಡಿದವಳು ರಾಜಕುಮಾರಿಯೇ. “ನೆಟ್ಟು ನೋಡಿದರೆ ಮಾಯ, ಓರೆಯಾಗಿ ನೋಡಿದರೆ ಹಾಜರು. ಏನದು?”

ಕೆಂಚನಾಯಕ ಅತ್ತೆಯ ನಗು ಎಂದ. ಸಿಂಗಣ್ಣ ಶತ್ರುವಿನ ಗೂಢಚಾರ ಎಂದ.

“ದೀಪ ಹಿಡಿದು ಹುಡುಕಿದರೆ ಸಿಗದು, ದೀಪ ಆರಿಸಿದರೆ ತಾನಾಗಿ ಬರುತ್ತದೆ. ಏನದು?”

ಒಬ್ಬ ಕಳ್ಳ ಎಂದ, ಇನ್ನೊಬ್ಬ ನಿದ್ದೆ ಎಂದ. ಸರಿ ತಪ್ಪಿನ ಲೆಕ್ಕ ಕೊನೆಗೆ ಎಂದಳು ರಾಜಕುಮಾರಿ.

ಮೂರನೆಯದಕ್ಕೆ ಅವಳು ಎಲ್ಲರನ್ನೂ ಅಂಗಳಕ್ಕೆ ಕರೆತಂದಳು. ಸುಡುವ ಮಧ್ಯಾಹ್ನ. “ಮದುವೆಯಲ್ಲಿ ಗಂಡು ಹೆಣ್ಣಿಗೆ ಅರುಂಧತಿ ನಕ್ಷತ್ರ ತೋರಿಸುತ್ತಾನಲ್ಲ, ಹಾಗೆ ತೋರಿಸಿ. ವಸಿಷ್ಠನ ಯಾವ ಪಕ್ಕದಲ್ಲಿ ಕಾಣುತ್ತಿದ್ದಾಳೆ?”

ಕೆಂಚನಾಯಕ ಎಡಕ್ಕೆ ಬೆರಳು ಮಾಡಿದ, ಸಿಂಗಣ್ಣ ಬಲಕ್ಕೆ. ಎಡವೋ ಬಲವೋ ಎಂದು ಇಬ್ಬರೂ ಜಗಳಕ್ಕೆ ನಿಂತಾಗ ಹಿಂದಿನಿಂದ ಯಾರೋ ನಕ್ಕರು. ರಾಜನ ಗೌರವಕ್ಕೆಂದು ಹಗಲಲ್ಲೂ ಉರಿಯುವ ದೀವಟಿಗೆ ಹಿಡಿದು ನಿಲ್ಲುವ ಆಳು ಮಾಚ. ನಕ್ಕವನೂ ಉತ್ತರ ಹೇಳಲಿ, ತಪ್ಪಿದರೆ ಅವನ ತಲೆಯೂ ಹೋಗಲಿ ಎಂದು ರಾಜ ಅಪ್ಪಣೆ ಮಾಡಿದ.

ಮಾಚನ ನಗು ಅಲ್ಲಿಗೇ ನಿಂತಿತು. “ಮೊದಲಿನ ಎರಡಕ್ಕೂ ಉತ್ತರ ಒಂದೇ ತಾಯಿ, ಮಬ್ಬು ಚುಕ್ಕಿ. ನೆಟ್ಟು ನೋಡಿದರೆ ಅಳಿಸಿಹೋಗುತ್ತೆ, ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಮೂಡುತ್ತೆ. ಕೈಯಲ್ಲಿ ದೀವಟಿಗೆ ಇರೋವರೆಗೂ ಅದು ಕಾಣೋದಿಲ್ಲ. ಆರಿಸಿ, ಎಲೆಅಡಿಕೆ ಜಗಿದು ಮುಗಿಸೋವರೆಗೆ ಕೂತರೆ ಆಕಾಶವೆಲ್ಲ ಅವೇ.”

ಮೂರನೆಯದಕ್ಕೆ ತಲೆಯೆತ್ತಿದ. ಕಣ್ಣಲ್ಲಿ ನೀರು ಬಂತು. ಕಂಡಿತು ಅನ್ನು, ಮದುವೆಯಲ್ಲಿ ಎಲ್ಲರೂ ಅನ್ನೋದು ಹಾಗೇ ಎಂದು ಪುರೋಹಿತರು ಪಿಸುಗುಟ್ಟಿದರು. ಮಾಚ ಕತ್ತು ಸವರಿಕೊಂಡ.

“ನಂಗೆ ಕಾಣಲಿಲ್ಲ. ಈ ಬಿಸಿಲಲ್ಲಿ ನನ್ನ ದೀವಟಿಗೆ ಉರೀತಿದೆಯೋ ಇಲ್ಲವೋ ಅಂತಲೇ ಕೈಯಿಟ್ಟು ನೋಡಬೇಕು. ಚುಕ್ಕಿ ಎಲ್ಲಿಂದ ಕಂಡೀತು?”

“ಅದೇ ಉತ್ತರ, ಮೂರೂ ಸರಿ,” ಎಂದಳು ಸೋಮಲಾದೇವಿ. “ಕಾಣದ್ದನ್ನು ಕಂಡೆ ಅನ್ನುವ ಗಂಡ ನನಗೆ ಬೇಡ.”

ರಾಜನಿಗೆ ಎಷ್ಟೋ ಹಗುರವಾಯಿತು. ನಮ್ಮ ಮದುವೆಯಲ್ಲಿ ನನಗೂ ಕಂಡಿರಲಿಲ್ಲ ಎಂದುಬಿಟ್ಟ.

ರಾಣಿ ನಿಧಾನವಾಗಿ ಅವನತ್ತ ತಿರುಗಿದಳು. “ಮತ್ತೆ ಅಗೋ ನೋಡು ಅಂತ ಅವತ್ತು ನಂಗೆ ತೋರಿಸಿದ್ದು ಏನನ್ನ?”

ರಾಜ ಅವಸರದಿಂದ ಸಭೆ ಮುಗಿಸಿದ.

ಕಡಿದ ತಲೆಯಿಂದ ಯಾರಿಗೂ ಲಾಭವಿಲ್ಲ, ಸೋತ ಇಬ್ಬರನ್ನೂ ನನಗೆ ಕೊಡಿ ಎಂದು ಮಾಚ ಕೇಳಿಕೊಂಡ. ಹೀಗೆ ಅವನ ಪಾಲಿಗೆ ಬಂದದ್ದು ಒಬ್ಬ ಹೆಂಡತಿ, ಅರ್ಧ ರಾಜ್ಯದ ಸುಂಕ, ಹಗಲು ದೀವಟಿಗೆ ಹಿಡಿಯಲು ಇಬ್ಬರು ಆಳು. ಕೈಬಿಟ್ಟುಹೋಗದೆ ಉಳಿದದ್ದು, ಕತ್ತಿನ ಮೇಲೆ ಅವನದೇ ತಲೆ.